ನಷ್ಟವಾಗದ ಮಧ್ಯಾಹ್ನಕ್ಕೆ ಪರಿಹಾರ

ವೆಸ್ಟ್ ಮಾಂಬಲಂನ ಆ ಕಿರುಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಬೇವಿನ ಮರದಡಿ ಅಂದಾನಿ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಣಿಗೆ ಆಡಿಸುತ್ತಾರೆ. ಕಿಡಿಗಳು ಮಿಂಚುಹುಳುಗಳಂತೆ ಹಾರಿ, ದಾರಿ ತಪ್ಪಿ ಆರಿಹೋಗುತ್ತವೆ. ಕೊಳ್ಳೇಗಾಲದ ಕಡೆಯಿಂದ ಈ ತಮಿಳು ಊರಿಗೆ ಬಂದು ಇಪ್ಪತ್ತು ವರ್ಷ. ದಿನಕ್ಕೆ ನೂರರ ಮೇಲೆ ಬಟ್ಟೆ. ಇವತ್ತು ಮಾತ್ರ ಒಂದೇ ಅಂಗಿಯ ತೋಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಾರೆ.

ಹೋದ ವರ್ಷ ಒಂದು ಮಧ್ಯಾಹ್ನ ಎದುರಿನ ಫ್ಲಾಟಿನಲ್ಲಿ ಒಂದು ರೇಷ್ಮೆಸೀರೆ ಕಾಣೆಯಾಯಿತು. ಅಲ್ಲಿನ ಅಸೋಸಿಯೇಷನ್ನಿನವರು ಅನುಮಾನದ ಮೇಲೆ ಅಂದಾನಿಯನ್ನು ಕರೆದು ವಾಚ್‌ಮನ್ ಕೋಣೆಯಲ್ಲಿ ಕೂಡಿಹಾಕಿದರು. ಸಂಜೆ ಸೀರೆ ಮನೆಯವರ ಬೀರುವಿನಲ್ಲೇ ಸಿಕ್ಕಿತು. ‘ಹೋಗಪ್ಪಾ’ ಎಂದು ಬಿಟ್ಟರು. ಪಕ್ಕದ ಮನೆಯ ವಕೀಲೆ ನಂದಿತಾ ಸಿವಿಲ್ ದಾವೆ ಹೂಡಿಸಿದರು.

ಕಟಕಟೆ ಹತ್ತಿದಾಗ ಎದುರು ವಕೀಲರು, ನಿಮಗಾದ ನಷ್ಟವೇನು ಎಂದು ಕೇಳಿದರು. ಅಂದಾನಿ ಇದ್ದದ್ದನ್ನೇ ಹೇಳಿದರು: ‘ಏನಿಲ್ಲ ಸಾರ್. ಉಳ್ದ ಬಟ್ಟೆಯ ಆಮೇಲೆ ಉಜ್ಜಿ ಕೊಟ್ಬುಟ್ಟೆ.’

ಈಗ ಅಸೋಸಿಯೇಷನ್ನಿನ ಕಾರ್ಯದರ್ಶಿ ರಮೇಶ್ ಹೊಸ ಮಾತು ತಂದಿದ್ದಾರೆ. ದಾವೆ ವಾಪಸು ಪಡೆದರೆ ಕೈತುಂಬ ದುಡ್ಡು. ತಪ್ಪಾಯಿತು ಅಂತ ಮಾತ್ರ ಅವರು ಒಪ್ಪುವುದಿಲ್ಲ. ಇವತ್ತೇ ಉತ್ತರ ಬೇಕು.

‘ನಷ್ಟ ಇಲ್ಲ ಅಂತ ನೀವೇ ಹೇಳ್ಬುಟ್ಟು ಬಂದ್ರಿ. ಈಗ ಕೊಟ್ರೆ ಈಸ್ಕೊಳಕೂ ಯೋಚ್ನೆ, ಮಹಾರಾಜ್ರಿಗೆ!’ ಹೆಂಡತಿ ಕಲಾವತಿ ಬಟ್ಟೆಯ ಗಂಟು ಬಿಚ್ಚುತ್ತಲೇ ಕುಟುಕುತ್ತಾರೆ.

ಕೋಟು ಇಸ್ತ್ರಿಗೆ ತಂದ ನಂದಿತಾ ಮತ್ತೊಮ್ಮೆ ಬಿಡಿಸಿ ಹೇಳುತ್ತಾರೆ: ‘ಅಣ್ಣಾ, ಪೊಲೀಸರು ಸುಮ್ಸುಮ್ನೆ ಕೂಡಿಹಾಕಿದ್ರೆ ಸಂವಿಧಾನ ಕೇಳತ್ತೆ ಅಲ್ವಾ? ಅಕ್ಕಪಕ್ಕದೋರು ಕೂಡಿಹಾಕಿದ್ರೂ ಸ್ವಾತಂತ್ರ್ಯ ಅಗ್ಗ ಆಗಲ್ಲ. ಪೈಸೆ ನಷ್ಟ ಆಗದಿದ್ರೂ ಕೋರ್ಟು ಪರಿಹಾರ ಕೊಡಬಹುದು. ಕಮ್ಮೀನೇ ಸಿಗಬಹುದು. ಆದ್ರೆ ಮಾಡಿದ್ದು ತಪ್ಪು ಅಂತ ತೀರ್ಪಲ್ಲಿ ಬರತ್ತೆ.’

‘ಕಳ್ಕಂಡಿಲ್ದೆ ಇರದುಕ್ಕೆ ಬೆಲೆ ಕಟ್ಟದು ಹೆಂಗವ್ವ? ಆ ದುಡ್ಡು ನಂದಾ, ಊರೋರ್ದಾ?’

‘ದುಡ್ಡು ನಿಮ್ಮದು. ತೀರ್ಪಿನ ಮಾತು ಎಲ್ಲರದ್ದು.’

‘ತಲೆ ಗಿರ್ರಂತದೆ ಕನವ್ವ,’ ಎನ್ನುತ್ತಾರೆ ಅಂದಾನಿ. ಕೋಟಿನ ಕಾಲರಿನ ಮೇಲೆ ಪೆಟ್ಟಿಗೆ ತಡೆದು ನಿಲ್ಲುತ್ತದೆ.

ಅಷ್ಟರಲ್ಲಿ ರಮೇಶ್ ಮೆಟ್ಟಿಲಿಳಿದು ಬರುತ್ತಾರೆ. ಇಲ್ಲೇ ಬೆಳೆದ ಬ್ಯಾಂಕಿನ ಮನುಷ್ಯ, ಕನ್ನಡದಲ್ಲಿ ತಮಿಳು ಬೆರೆಯುತ್ತದೆ. ‘ಏನ್ ಪಾ ಅಂದಾನಿ, ಮುಡಿವು, ತೀರ್ಮಾನ, ಆಯ್ತಾ ಇಲ್ವಾ? ಸುಮ್ನೆ ಎಳೀಬೇಡ.’

ಅಂದಾನಿ ಪೆಟ್ಟಿಗೆಯನ್ನು ಪಕ್ಕಕ್ಕೆ ಇಡುತ್ತಾರೆ.

‘ಕಾನೂನು ನಂಗೆ ಇನ್ನೂವೆ ಅರ್ಥಾಗ್ನಿಲ್ಲ ಸಾರ್. ಆ ಕೋಣೆ ಬಾಗ್ಲಿಗೆ ಆಚೆ ಕಡೆ ಚಿಲಕ ಅಂಗೇ ಅದೆ. ನಾಳೆ ಇನ್ಯಾರ್ನಾರ ಒಳಗ್ ಹಾಕಿ ಚಿಲಕ ಎಳ್ಯಾಗ, ನಿಮ್ ಕೈ ಒಸಿ ತಡೀಬೇಕು. ತೀರ್ಪು ಬರ್ಲಿ.’