ಆರು ಬೆರಳಿನ ಗುರುತು

ಹುಮನಾಬಾದಿನ ಸಂತೆಯಲ್ಲಿ ರಾಬಿಯಾ ಬಳೆಯ ಮಲಾರ ಬಿಚ್ಚಿ ತಲೆ ಎತ್ತುವಷ್ಟರಲ್ಲಿ ಮೂರು ವರ್ಷದ ಮಗಳು ಅನ್ವರಿ ಕಾಣೆಯಾಗಿದ್ದಳು. ಅದು ಮೂವತ್ತೆರಡನೆಯ ಇಸವಿ. ಹುಡುಕಿ ಹುಡುಕಿ ಕಾಲು ಸೋತ ಮೇಲೆ ಅವಳೊಂದು ಹಾಡು ಕಟ್ಟಿದಳು. ಬಳೆ ತೊಡಿಸುತ್ತ ಮನೆಮನೆಯಲ್ಲೂ ಹಾಡಿದಳು:

“ಎಡಗೈಗೆ ಆರು ಬೆರಳ, ಹುಬ್ಬಿನ ಮ್ಯಾಲ ಸುಟ್ಟ ಕಲೆ,
ಯಾರ ಮನ್ಯಾಗ ಅದೀಯೇ ಮಗಳ, ಬಾಗಿಲ ತಗದ ಕುಂತೀನಿ.”

ಹೆಂಗಸರು ಇದನ್ನು ಕಲಿಯಲಿ, ತಾನು ಕಾಲಿಡದ ಊರಲ್ಲಿ ಯಾರಾದರೂ ಆ ಕೈ ನೋಡಿ ಗುರುತು ಹಿಡಿಯಲಿ. ಅವಳಿಗೆ ಬೇಕಾಗಿದ್ದು ಅಷ್ಟೇ.

ಹಾಡೇನೋ ಹಬ್ಬಿತು. ಆದರೆ ನಿಜಾಮನ ವಿರುದ್ಧ ಚಳವಳಿ ಎದ್ದಾಗ ಕಲ್ಯಾಣದ ಮಾಸ್ತರ ಜ್ಞಾನೇಶ್ವರ ಅದನ್ನು ಬೆಳಗಿನ ಫೇರಿಗೆ, ಓಣಿ ಓಣಿ ಸುತ್ತುವ ಮೆರವಣಿಗೆಗೆ, ಎತ್ತಿಕೊಂಡ. ಅವನ ಬಾಯಲ್ಲಿ ಮಗಳೆಂದರೆ ಸ್ವರಾಜ್ಯ! ಆರು ಬೆರಳು ಹೋಗಿ ಕೈಗೆ ಬೇಡಿ ಬಂತು, ಸುಟ್ಟ ಕಲೆ ಹೋಗಿ ಹಣೆಗೆ ರಕ್ತದ ಬೊಟ್ಟು ಬಂತು. ರಾಬಿಯಾ ಅವನ ಮನೆಗೇ ಹೋದಳು.

“ಮಾಸ್ತರ್ರ, ಅವು ನನ್ನ ಮಗಳ ಗುರ್ತರೀ. ತಗೀಬ್ಯಾಡ್ರಿ.”

“ರಾಬಿಯಾಬಿ, ಈಗ ಆಕಿ ನಾಡಿಗೇ ಮಗಳಾಗ್ಯಾಳ. ಖುಷಿ ಪಡ್ರಿ.”

ಖುಷಿಯಂತೆ ಖುಷಿ! ಪೊಲೀಸರೂ ಮಾಸ್ತರನ ಅರ್ಥವನ್ನೇ ನಂಬಿದರು. “ಆ ಮಗಳಂದ್ರ ಯಾರು, ಖರೇ ಹೇಳು” ಎಂದು ಅಮೀನ ಸಾಹೇಬ ಅವಳನ್ನು ಇಡೀ ದಿನ ಠಾಣೆಯಲ್ಲಿ ಕೂರಿಸಿದ. “ಅನ್ವರಿ ರೀ, ಸಾಹೇಬ್ರ” ಎಂದರೆ ನಕ್ಕುಬಿಟ್ಟ. ಇಬ್ಬರಿಗೂ ಹೇಳಿ ಹೇಳಿ ಅವಳಿಗೆ ಜೀವವೇ ಸಾಕಾಯಿತು. ಆಮೇಲೆ ಗಟ್ಟಿಯಾಗಿ ಹಾಡುವುದನ್ನೇ ಬಿಟ್ಟಳು.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ಕೊಹಿನೂರದ ಮುಕ್ತಾಬಾಯಿ ಎಂಬಾಕೆ ಸಂತೆಗೆ ಬಂದು ಬಳೆಗೆ ಕೈ ಕೊಟ್ಟಳು. ರಾಬಿಯಾ ರೂಢಿಯಂತೆ ತನ್ನ ಹಳೆಯ ಸಾಲನ್ನು ಗುನುಗಿದಳು.

“ಹಾಂಗಲ್ರೀ, ಬೇಡಿ ಅನಬೇಕು” ಎಂದು ತಿದ್ದಿದ ಮುಕ್ತಾಬಾಯಿ ಏನೋ ನೆನಪಾಗಿ ತಡೆದಳು. “ಆರು ಬೆರಳ? ಅಂಥಾಕಿ ಒಬ್ಬಳು ನಮ್ಮ ಓಣ್ಯಾಗ ಇದ್ದಳು. ಸಂತ್ಯಾಗ ಸಿಕ್ಕ ಕೂಸಂತ ಸಾಕಿದ್ರು. ಹುಬ್ಬಿನ ಮ್ಯಾಲ ಕಲೆನೂ ಇತ್ತು. ಹೋದ ವರ್ಷ ರಜಾಕಾರರ ಗದ್ದಲದಾಗ ಸಾಕಿದವರ ಜೋಡಿ ಊರು ಬಿಟ್ಟಳು. ಎಲ್ಲಿ ಹೋದರೋ, ಯಾರಿಗೂ ಗೊತ್ತಿಲ್ಲ.”

ರಾಬಿಯಾಳ ಕೈ ನಿಂತಿತು.

“ಆಕಿ ಈ ಹಾಡ ಕೇಳಿದ್ದಳೇನ್ರೀ?”

“ಕೇಳೋದೇನ್ರೀ! ಫೇರ್ಯಾಗ ಮುಂದ ನಿಂತು ಆಕಿನೇ ಹಾಡ್ತಿದ್ದಳು. ಬೇಡಿ ಅಂದಾಗ ಆ ಎಡಗೈನೇ ಮ್ಯಾಲ ಎತ್ತತಿದ್ದಳು.”