ಫ್ಲೆಕ್ಸಿನಲ್ಲಿ ಜಾಗ ಸಿಗದ ಬಣ್ಣದ ಪಟ್ಟಿ

ಅಜ್ಜಂಪುರದ ಟೈಲರ್ ವಜೀರ್ ಸಾಬರ ಮಗಳು ನೂರೈನ್ ಭೂವಿಜ್ಞಾನ ಓದಿದವಳು. ಪಂಚನಹಳ್ಳಿಯ ರೈತರು ನಂಬಿ ಬೋರಿನ ಮುಚ್ಚಳ ತೆಗೆದದ್ದರಿಂದ, ಎಲ್ಲೆಲ್ಲಿ ನೀರು ಎಷ್ಟು ಅಡಿಗಿದೆ ಎಂದು ಒಂದು ವರ್ಷ ಸ್ಕೂಟಿಯಲ್ಲಿ ಅಲೆದು ಅಳೆದಳು. ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಪೈಥಾನ್ ಲೈಬ್ರರಿಗೆ ಕೊಟ್ಟಾಗ ನಕ್ಷೆಗೆ ಬಣ್ಣ ಬಂತು. ಇನ್ನೊಂದು ಸಾಲು ಬರೆದಾಗ ಪಕ್ಕದಲ್ಲಿ ಬಣ್ಣದ ಪಟ್ಟಿ ನಿಂತಿತು: ಹಳದಿ ಎಂದರೆ ಇನ್ನೂರು ಅಡಿ, ಕಡುನೀಲಿ ಎಂದರೆ ಸಾವಿರದ ಇನ್ನೂರು.

ಪಂಚನಹಳ್ಳಿಯ ಪಂಚಾಯಿತಿ ಮೆಂಬರುಗಳು ಅದನ್ನು ಫ್ಲೆಕ್ಸ್ ಮಾಡಿಸಿ ಬಸ್ ನಿಲ್ದಾಣದಲ್ಲಿ ಕಟ್ಟಿಸಿದರು. ಫ್ಲೆಕ್ಸ್ ಎಂದ ಮೇಲೆ ಮುಖಗಳಿಲ್ಲದೆ ನಡೆಯುತ್ತದೆಯೇ? ಮೂವರು ಮೆಂಬರುಗಳು ಕೈಮುಗಿದು ನಿಲ್ಲಲು ಜಾಗ ಸಾಲದೆ ಪಟ್ಟಿಯನ್ನು ಕತ್ತರಿಸಿ ಹಾಕಿಸಿದರು. ನೂರೈನಳ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಉಳಿಸಿದರು. ಬೈಸಿಕೊಳ್ಳಲೂ ಒಬ್ಬರು ಬೇಕಲ್ಲ.

ನೀಲಿ ಕಂಡರೆ ನೀರು ಎಂದುಕೊಳ್ಳದವರು ಯಾರು? ಅಲ್ಲಿನ ರೈತ ಸಣ್ಣಬೀರಪ್ಪ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರಿನ ಪಾಯಿಂಟ್ ನೋಡುವವನನ್ನು ಬಿಟ್ಟು, ಮೊದಲ ಸಲ ವಿಜ್ಞಾನ ನಂಬಿ, ಕಡುನೀಲಿ ಜಾಗದಲ್ಲಿ ಬೋರ್ ಕೊರೆಸಿದ. ಎಂಟುನೂರು ಅಡಿಗೂ ಬರೀ ದೂಳು.

ಮಾರನೆಯ ದಿನ ಟೈಲರ್ ಅಂಗಡಿಗೇ ಬಂದ. "ಏನಮ್ಮಾ, ನಿನ್ನ ನೀಲಿ ಒಣಗೋಗೈತಲ್ಲ!"

ನೂರೈನ್ ಮೊಬೈಲಿನಲ್ಲಿ ಮೂಲ ನಕ್ಷೆ ತೋರಿಸಿದಳು. "ನೀಲಿ ಅಂದ್ರೆ ನೀರು ಆಳದಲ್ಲೈತೆ ಅಂತ ಬೀರಪ್ಪಣ್ಣ. ಇಲ್ನೋಡಿ, ಪಟ್ಟೀಲಿ ಹಾಕಿದ್ದೆ."

"ಫ್ಲೆಕ್ಸಲ್ಲಿ ಆ ಜಾಗದಾಗೆ ಮೆಂಬರ್ರು ನಗ್ತಾ ನಿಂತವ್ರೆ ಕಣಮ್ಮ!"

ಬೇಸಿಗೆಯ ಅಳತೆಗೆ ಹೋದಾಗ ಪಂಚನಹಳ್ಳಿಯಲ್ಲಿ ಒಬ್ಬರೂ ಅವಳಿಗೆ ಬೋರಿನ ಮುಚ್ಚಳ ತೆಗೆಯಲಿಲ್ಲ. ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ಮೂವರೂ ಇನ್ನೂ ಕೈಮುಗಿದೇ ನಿಂತಿದ್ದರು.