ಗೋಡೆಯಾಚೆಯಿಂದ ಬಂದ ಗಂಜಿ

ನಾನು ಚಿಕ್ಕವನಿದ್ದಾಗ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಒಬ್ಬನೇ ಕಣ್ಣು ತೆರೆದಿರುತ್ತಿದ್ದೆ. ಅವರು ನಿಜವಾಗಿಯೂ ಮುಚ್ಚಿದ್ದಾರೋ ಇಲ್ಲವೋ ಎಂದು ನನಗೆ ಅನುಮಾನ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನಾನು ಯಾವಾಗಲೂ ಎದುರು ಪಕ್ಷದವನು. ಎದುರಾಳಿ ಹೇಳಿದ್ದನ್ನು ಬಿಡು, ಹೇಳದೆ ನುಂಗಿದ್ದನ್ನು ಹಿಡಿ ಎಂದು ಮೇಷ್ಟ್ರು ಕಲಿಸಿದ್ದರು. ಆ ಪಾಠ ತಲೆಗೆ ಹತ್ತಿ, ಮನೆಯಲ್ಲೂ ನಾನು ಯಾರನ್ನೂ ಸುಮ್ಮನೆ ನಂಬದ ಹಾಗಾಯಿತು.

ಆಗ ನಾವು ಮದರಾಸಿನ ಕ್ರೋಂಪೇಟೆಯಲ್ಲಿದ್ದೆವು. ಮಂಗಳೂರಿನ ಕಡೆಯ ಕ್ರೈಸ್ತರು ನಾವು. ಅಪ್ಪ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಗಾಳಿ ತಿರುಗಿದರೆ ಸುಣ್ಣದ ನೀರು, ಹಸಿ ತೊಗಲು, ಮರದ ತೊಗಟೆಯ ಒಗರು ವಾಸನೆ ಒಟ್ಟಿಗೆ ಮನೆಗೆ ನುಗ್ಗುತ್ತಿದ್ದವು. ರೈಲು ಹೋದಾಗ ಗೂಡಿನ ಪಾತ್ರೆಗಳು ಗಿಣಿಗಿಣಿ ಅನ್ನುತ್ತಿದ್ದವು. ನಮ್ಮ ಗೋಡೆಗೆ ಅಂಟಿದ ಪಕ್ಕದ ಮನೆಯಲ್ಲಿ ಕುಂದಾಪುರದ ಬ್ರಾಹ್ಮಣರಿದ್ದರು. ಯಜಮಾನರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಮಾಮಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಅಕ್ಕನಿಗೆ ಟೈಫಾಯ್ಡ್ ಬಂತು. ಗಂಜಿ ಬಿಟ್ಟು ಬೇರೇನೂ ಕೊಡಬಾರದು ಎಂದರು ಡಾಕ್ಟರು. ನಿದ್ದೆಗೆಟ್ಟ ಅಮ್ಮ ಒಲೆಯ ಮುಂದೆಯೇ ತೂಕಡಿಸುವುದನ್ನು ಕಂಡ ಮಾಮಿ, ಹಿತ್ತಲಿನ ಗಿಡ್ಡ ಗೋಡೆಯ ಮೇಲಿಂದ ದಿನವೂ ಒಂದು ಹಿತ್ತಾಳೆ ಬೋಗುಣಿಯಲ್ಲಿ ಗಂಜಿ ಕೊಡತೊಡಗಿದರು. ಮುಚ್ಚಳ ತೆಗೆದರೆ ಜೀರಿಗೆಯ ಘಮ.

ಬಂದ ಪಾತ್ರೆಯನ್ನು ಖಾಲಿ ಮರಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೆ ನಾವು ಬೇಯಿಸಿದ್ದನ್ನು ಅವರು ತಿನ್ನುವವರಲ್ಲ. ಅದರಲ್ಲೂ ಚರ್ಮದ ಕೆಲಸದವರ ಮನೆ. ಅದಕ್ಕೇ ಅಮ್ಮ ಹಸಿಯದನ್ನೇ ಹಾಕಿ ಕಳಿಸುತ್ತಿದ್ದಳು: ಒಂದು ದಿನ ನಿಂಬೆಹಣ್ಣು, ಇನ್ನೊಂದು ದಿನ ನುಗ್ಗೆಸೊಪ್ಪು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇದರ ಮರ್ಮ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅಕ್ಕನ ಜ್ವರ ಇಳಿಯಿತು. ಅದೇ ವಾರ ಮಾಮಿಯ ಮಗನಿಗೆ ಏರಿತು. ನನಗಿಂತ ಚಿಕ್ಕವನು, ಗೋಲಿಯಾಟದಲ್ಲಿ ನನ್ನ ಜೊತೆಗಾರ. ದೊಡ್ಡಾಸ್ಪತ್ರೆಗೆ ಸೇರಿಸಿದರು. ಉಳಿಯುತ್ತಾನೋ ಇಲ್ಲವೋ ಎಂದು ಬೀದಿಯವರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಕೊನೆಯ ಗಂಜಿ ಬಂದ ಬೋಗುಣಿ ನಮ್ಮ ಗೂಡಿನಲ್ಲೇ ಉಳಿಯಿತು. ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಇಡುತ್ತಿದ್ದಳು, ವಾಪಸು ಮಾತ್ರ ಕೊಡುತ್ತಿರಲಿಲ್ಲ. ಯಾಕೆ ಎಂದರೆ "ಸುಮ್ನಿರು" ಎನ್ನುತ್ತಿದ್ದಳು. ರೋಗ ನಮ್ಮ ಮನೆಯಿಂದಲೇ ಗೋಡೆ ದಾಟಿತೇನೋ ಎಂಬ ಅಂಜಿಕೆ ಅವಳಿಗೆ.

ಇಷ್ಟರಲ್ಲಿ ಅಪ್ಪ ಉಪಕಾರ ಸ್ತುತಿಯ ಕೂಟ ಇಟ್ಟರು. ಕಾಯಿಲೆ ವಾಸಿಯಾದ ಮನೆಗೆ ಚರ್ಚಿನವರನ್ನು ಕರೆದು, ಹಾಡಿ, ದೇವರಿಗೆ ಕೃತಜ್ಞತೆ ಹೇಳಿ, ತಿಂಡಿ ಕೊಡುವ ಪದ್ಧತಿ ಅದು. ಗುಣವಾದವರು ಎದ್ದು ಸಾಕ್ಷಿ ಹೇಳಬೇಕು, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಒಪ್ಪಿ ಹೇಳಬೇಕು. ನನಗೆ ಈ ಸ್ತುತಿಯ ಮೇಲೆಯೇ ಅನುಮಾನ. ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ, ದೇವರನ್ನು ಹೊಗಳಿ ಮುಂದಿನ ಸಲಕ್ಕೆ ಜಾಗ ಹಿಡಿಯುತ್ತಿದ್ದಾರೆ ಎಂದುಕೊಂಡಿದ್ದೆ.

"ಪಕ್ಕದ ಹುಡುಗ ಆಸ್ಪತ್ರೆಯಲ್ಲಿರುವಾಗ ನಾವು ಹಾರ್ಮೋನಿಯಂ ಬಾರಿಸೋದಾ?" ಎಂದು ಅಪ್ಪನನ್ನು ಕೇಳಿದೆ.

"ದೇವರಿಗೆ ಕೊಟ್ಟ ಮಾತು ಅದು. ನಿಮ್ಮ ವಾದವನ್ನು ಕೋರ್ಟಲ್ಲಿ ಇಟ್ಕೊಳ್ಳಿ, ವಕೀಲ್ ಸಾಹೇಬ್ರೇ," ಎಂದರು ಅಪ್ಪ.

ಭಾನುವಾರ ಸಂಜೆ ಅಯ್ಯನವರು ಬಂದರು. ನಮ್ಮ ಪಾದ್ರಿಗಳನ್ನು ಹಾಗೆ ಕರೆಯುತ್ತಿದ್ದೆವು. ದೇವರು ಈ ಮನೆಯ ಬಾಗಿಲಿಗೆ ಬಂದು ಈ ಮಗಳ ಹಣೆ ಮುಟ್ಟಿದ ಎಂದು ಚೆನ್ನಾಗಿಯೇ ಪ್ರಸಂಗ ಮಾಡಿದರು. ಆಮೇಲೆ ಪ್ರಾರ್ಥನೆ. ಡಾಕ್ಟರ ಕೈಗಾಗಿ ಸ್ತೋತ್ರ, ಮದ್ದಿಗಾಗಿ ಸ್ತೋತ್ರ, ಪ್ರಾರ್ಥಿಸಿದ ಸಭೆಗಾಗಿ ಸ್ತೋತ್ರ, ಅಪ್ಪನಿಗೆ ರಜೆ ಕೊಟ್ಟ ಕಾರ್ಖಾನೆಯ ಮುದಲಾಳಿಗಾಗಿಯೂ ಸ್ತೋತ್ರ. ನಾನು ಎಂದಿನಂತೆ ಕಣ್ಣು ತೆರೆದಿದ್ದೆ. ನೋಡಿದರೆ ಅಮ್ಮನ ಕಣ್ಣೂ ತೆರೆದಿತ್ತು. ಅವಳು ಗೂಡಿನಲ್ಲಿದ್ದ ಬೋಗುಣಿಯನ್ನು ನೋಡುತ್ತಿದ್ದಳು.

ಆಮೆನ್ ಆಗುವುದನ್ನೇ ಕಾದು ನಾನು ಎದ್ದೆ. "ಅಯ್ಯನವರೇ, ನಮ್ಮ ಬಾಗಿಲಿಗೆ ಬಂದ ದೇವರಿಗೆ ಪಕ್ಕದ ಬಾಗಿಲು ಕಾಣಲಿಲ್ವಾ?"

ಅಪ್ಪ ನನ್ನ ಚಡ್ಡಿ ಹಿಡಿದೆಳೆದು ಕೂರಿಸಲು ನೋಡಿದರು. ಅಯ್ಯನವರು ಬೇಡವೆಂದು ಕೈ ಮಾಡಿದರು. ಏನಾದರೂ ನಯವಾದ ಉತ್ತರ ಕೊಡುತ್ತಾರೆ, ಆಗ ಹಿಡಿಯೋಣ ಎಂದು ನಾನು ಕಾಯುತ್ತಿದ್ದೆ.

"ಗೊತ್ತಿಲ್ಲ ಮಗ," ಎಂದರು ಅವರು.

ನಾನು ಕೂತುಕೊಂಡೆ. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಎದ್ದಳು. ಜ್ವರಕ್ಕೆ ಅವಳ ಜಡೆ ಬೆರಳಿನಷ್ಟಾಗಿತ್ತು. "ನನ್ನ ಸಾಕ್ಷಿ ಇಷ್ಟೇ. ನಾನು ಬದುಕಿದ್ದು ಮಾಮಿಯ ಗಂಜಿ ಕುಡಿದು. ಇಷ್ಟು ಹೊತ್ತು ಎಲ್ಲರ ಮಾತೂ ಬಂತು, ಮಾಮಿದು ಬರ್ಲೇ ಇಲ್ಲ," ಎಂದು ಕೂತುಬಿಟ್ಟಳು.

 ಆಗ ಪಕ್ಕದ ಮನೆಯ ಚಿಲಕದ ಸದ್ದು ಕೇಳಿಸಿತು. ಗಂಡನನ್ನು ಆಸ್ಪತ್ರೆಯಲ್ಲಿ ಕೂರಿಸಿ ಮಾಮಿ ಬಟ್ಟೆ ಒಯ್ಯಲು ಬಂದಿದ್ದರು. ಅಮ್ಮ ಎದ್ದು ಬೋಗುಣಿ ತೆಗೆದು, ಅದರ ತುಂಬ ಅಕ್ಕಿ ಸುರಿದು, ಹಿತ್ತಲಿಗೆ ನಡೆದಳು. ನಾನೂ ಅಕ್ಕನೂ ಹಿಂದೆಯೇ ಹೋದೆವು.

ಅಮ್ಮ ಬೋಗುಣಿಯನ್ನು ಗೋಡೆಯ ಮೇಲಿಟ್ಟಳು. ಹಿತ್ತಲಿಗೆ ಬಂದ ಮಾಮಿ ಮೊದಲು ಅಕ್ಕನನ್ನು ನೋಡಿ, "ಈಗ ನಡೀತೀಯಲ್ಲ, ಸಾಕು," ಎಂದರು. ಆಮೇಲೆ ಬೋಗುಣಿಯೊಳಗೆ ಇಣುಕಿದರು.

"ಅಕ್ಕಿ ಎಂತಕ್ಕೆ ಮಾರಾಯ್ತಿ? ಒಲೆ ಹಚ್ಚೂಕೆ ನಂಗೆ ತ್ರಾಣ ಇಲ್ಲ. ಬೇಯಿಸಿದ್ದು ಉಂಟಾ?"

ಅಮ್ಮ ನಿಂತಲ್ಲೇ ನಿಂತಳು. ಒಳಗೆ ಹೋಗಿ ಕೂಟಕ್ಕೆಂದು ಮಾಡಿದ ಉಪ್ಪಿಟ್ಟನ್ನು ತಂದು, ಬೋಗುಣಿಯ ಅಕ್ಕಿ ಹೊರಗೆ ತೆಗೆದು ಅದಕ್ಕೆ ತುಂಬಿದವಳು ಅಕ್ಕ. ಮಾಮಿ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನನಗೆ ಆಗಲೂ ಅನುಮಾನ. ಅಮ್ಮನ ಮುಖ ನೋಡಿ ತೆಗೆದುಕೊಂಡರು, ಆಮೇಲೆ ಚೆಲ್ಲಿರುತ್ತಾರೆ ಎಂದುಕೊಂಡೆ. ಬೆಳಿಗ್ಗೆ ಎದ್ದವನೇ ಅವರ ಮೋರಿ ನೋಡಿದೆ, ಕಸದ ತೊಟ್ಟಿಗೆ ಬಗ್ಗಿದೆ, ಕಾಗೆಗಳು ಎಲ್ಲಿ ಸೇರಿವೆ ಎಂದೂ ನೋಡಿದೆ. ಎಲ್ಲೂ ರವೆಯ ಒಂದು ಕಾಳಿಲ್ಲ. ಗಿಡ್ಡ ಗೋಡೆಯ ಮೇಲೆ ಬೋಗುಣಿಯಿತ್ತು, ತೊಳೆದು, ಖಾಲಿಯಾಗಿ. ಮಾಮಿ ತಮ್ಮದೇ ಪಾತ್ರೆಯನ್ನು ನಮ್ಮ ಕಡೆಗೆ ಸರಿಸಿ ಹೋಗಿದ್ದರು. ಅಮ್ಮನಿಗೆ ಅದು ಅರ್ಥವಾಯಿತು. ಆಮೇಲೆ ದಿನವೂ ಬಿಸಿ ಅನ್ನ, ಸಾರು ಅದರಲ್ಲಿ ಆಚೆ ಹೋಯಿತು.

ಕಥೆ ಇಲ್ಲಿಗೆ ಬಂದಾಗೆಲ್ಲ ಮೊಮ್ಮಕ್ಕಳಾದ ನೀವು "ಅಂದ ಪೈಯನ್ ಎನ್ನ ಆನಾನ್, ತಾತಾ?" ಎಂದು ತಮಿಳಿನಲ್ಲೇ ಕೇಳುತ್ತೀರಿ, ಅವನು ಏನಾದ ಅಂತ. ಆ ಹುಡುಗ ಮನೆಗೆ ಬಂದ, ಮಕ್ಕಳೇ. ಕಡ್ಡಿಯಂತಾಗಿ ಬಂದವನು ನನ್ನ ಗೋಲಿಗಳನ್ನೆಲ್ಲ ಗೆದ್ದುಕೊಂಡ. ಹಾಗಾದರೆ ದೇವರು ಎರಡೂ ಬಾಗಿಲು ನೋಡಿದ್ದ ಎಂದು ವಾದ ಗೆದ್ದವರ ಹಾಗೆ ನಗಬೇಡಿ. ಆ ಆಸ್ಪತ್ರೆಯಲ್ಲಿ ಇನ್ನೂ ಎಷ್ಟೋ ಮಂಚಗಳಿದ್ದವು. ಇಬ್ಬರು ಬದುಕಿದರೆಂದು ನನ್ನ ಪ್ರಶ್ನೆ ಸಾಯಲಿಲ್ಲ. ಈಗಲೂ ಚರ್ಚಿಗೆ ಹೋಗುತ್ತೇನೆ, ಕಣ್ಣು ತೆರೆದೇ ಇರುತ್ತೇನೆ.

ನಿಮ್ಮ ಕಾಲದಲ್ಲಿ ಥ್ಯಾಂಕ್ಸಿಗೆ ಬರವಿಲ್ಲ. ಲಿಫ್ಟಿನ ಬಾಗಿಲು ಹಿಡಿದವರಿಗೆ ಥ್ಯಾಂಕ್ಸ್, ಫೋನಿನೊಳಗಿನ ದನಿಗೂ ಥ್ಯಾಂಕ್ಸ್. ಹಿತ್ತಲಿಲ್ಲ, ಗಿಡ್ಡ ಗೋಡೆಯಿಲ್ಲ. ಯಾರು ಬೇಯಿಸಿದ್ದನ್ನು ಯಾರು ತಿನ್ನಬಾರದು ಎಂಬ ಮಾತೇ ನಿಮಗೆ ತಿಳಿಯದು, ಅದು ಒಳ್ಳೆಯದೇ. ಆದರೆ ಎದುರು ಫ್ಲಾಟಿನವರು ಪಾಯಸ ಕೊಟ್ಟ ನೀಲಿ ಡಬ್ಬಿ ದೀಪಾವಳಿಯಿಂದ ನಿಮ್ಮ ಫ್ರಿಜ್ಜಿನ ಮೇಲೆ ಕೂತಿದೆ. ಅವರ ಬಾಗಿಲು ಈಚೆಗೆ ತೆರೆದದ್ದನ್ನು ನಾನು ಕಂಡಿಲ್ಲ. ಅಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂದು ನನಗೆ ಅನುಮಾನ. ಹೋಗಿ ಬಾಗಿಲು ತಟ್ಟಿ ನೋಡಿ. ಡಬ್ಬಿಗೆ ಬೇಯಿಸಿದ್ದನ್ನು ತುಂಬಿ, ಅಕ್ಕಿ ಮಾತ್ರ ಬೇಡ.